ಮೇಪಲ್ ಮರದ ನೀರಿನಿಂದ ಸಿರಪ್: ಹಿತ್ತಿಲಲ್ಲೇ ಮಾಡುವ ಬಗೆ

ಮಾರ್ಚ್ ಮೊದಲ ವಾರ. ಹಿತ್ತಿಲಲ್ಲಿ ಇನ್ನೂ ಮೊಣಕಾಲುದ್ದ ಹಿಮ. ರಾತ್ರಿ ಕೊರೆಯುವ ಚಳಿ. ಆದರೆ ಹನ್ನೊಂದು ಗಂಟೆ ಹೊತ್ತಿಗೆ ಬಿಸಿಲು ಚುರುಕಾಗಿ ಸೂರಿನಿಂದ ನೀರು ತೊಟ್ಟಿಕ್ಕಲು ಶುರುವಾಗುತ್ತದೆ. ಆಗ ಮೇಪಲ್ ಮರಕ್ಕೆ ನೇತುಹಾಕಿದ ತಗಡಿನ ಬಕೆಟ್ಟಿನ ತಳಕ್ಕೆ ಮೊದಲ ಹನಿ ಬೀಳುತ್ತದೆ. ಟಣ್. ಸ್ವಲ್ಪ ಹೊತ್ತಿಗೆ ಇನ್ನೊಂದು. ಅಮೆರಿಕದ ಈಶಾನ್ಯ ಮೂಲೆಯ ವರ್ಮಾಂಟ್ ರಾಜ್ಯದಲ್ಲಿ ಮರ ಚಿಗುರಲು ಇನ್ನೂ ಎರಡು ತಿಂಗಳು ಬೇಕು. ಆದರೂ ಹಳ್ಳಿಯ ಜನಕ್ಕೆ ವಸಂತ ಬಂತು ಅಂತ ಗೊತ್ತಾಗುವುದು ಈ ಸದ್ದಿನಿಂದಲೇ.

ನಾನು ಸಾಗರದ ಕಡೆಯವಳು, ಆಲೆಮನೆ ನೋಡಿ ಬೆಳೆದವಳು. ಇಲ್ಲಿಗೆ ಬಂದ ಮೊದಲ ವರ್ಷ ಪಕ್ಕದ ಮನೆಯ ಅಜ್ಜ ಅವರ ಶುಗರ್ ಹೌಸಿಗೆ, ಅಂದರೆ ಮರದ ನೀರನ್ನು ಕುದಿಸಿ ಸಿರಪ್ ಅನ್ನುವ ಸಿಹಿ ಪಾಕ ಮಾಡುವ ಜಾಗಕ್ಕೆ, ಕರೆದುಕೊಂಡು ಹೋದರು. ಮರದ ಗುಡಿಸಲು, ಒಳಗೆ ದೊಡ್ಡ ಒಲೆ, ಅದರ ಮೇಲೆ ಅಗಲವಾದ ಬಾಣಲೆ, ಮಾಡಿನ ಕಿಂಡಿಯಿಂದ ಹೊರಗೆ ನುಗ್ಗುವ ಹಬೆ. ಆ ಸಿಹಿ ವಾಸನೆಗೆ ನನ್ನ ಕಣ್ಣು ತುಂಬಿ ಬಂತು. ಅಬೆನಕಿ ಮೂಲನಿವಾಸಿಗಳು ಯುರೋಪಿನವರು ಬರುವ ಎಷ್ಟೋ ಮೊದಲೇ ಈ ಮರದಿಂದ ಸಕ್ಕರೆ ಮಾಡುತ್ತಿದ್ದರು. ಈಗ ಅಮೆರಿಕದ ಮೇಪಲ್ ಸಿರಪ್‌ನಲ್ಲಿ ಸುಮಾರು ಅರ್ಧ ಈ ಪುಟ್ಟ ರಾಜ್ಯದ್ದೇ.

ಇದಕ್ಕೆ ತೋಟ ಬೇಕಿಲ್ಲ. ಹಿತ್ತಿಲಲ್ಲಿ ಒಂದೆರಡು ಮರ ಇದ್ದರೆ ಸಾಕು. ಉತ್ತರ ಅಮೆರಿಕದ ಈ ಭಾಗದಲ್ಲಿ, ಕೆನಡಾದ ಆಂಟಾರಿಯೊ ಕಡೆಯಲ್ಲಿ ನೆಲೆಸಿರುವ ಎಷ್ಟೋ ಕನ್ನಡದವರ ಮನೆ ಮುಂದೆ ಈ ಮರ ಸುಮ್ನೆ ನಿಂತಿದೆ. ಅವರಿಗಾಗಿ, ಮತ್ತೆ ಊರಲ್ಲಿ ಕೂತು ‘ಅದು ಹೇಗೆ ಮಾಡ್ತಾರೆ?’ ಅಂತ ಕೇಳುವ ನಮ್ಮವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮರ ಗುರುತಿಸುವುದು

ಈ ಕೆಲಸ ಹಿಂದಿನ ಅಕ್ಟೋಬರಿನಲ್ಲೇ ಆಗಬೇಕು. ಎಲೆ ಉದುರಿದ ಮೇಲೆ ಎಲ್ಲ ಮರವೂ ಒಂದೇ ಥರ ಕಾಣುತ್ತದೆ. ನಮಗೆ ಬೇಕಾದದ್ದು ಶುಗರ್ ಮೇಪಲ್. ಕೆನಡಾದ ಬಾವುಟದಲ್ಲಿ ಇರುವಂಥ ಎಲೆ, ಅಂಚು ನಯ. ಎಲೆಯ ಅಂಚಿನಲ್ಲಿ ಗರಗಸದ ಹಾಗೆ ಹಲ್ಲುಗಳಿದ್ದರೆ ಅದು ರೆಡ್ ಮೇಪಲ್. ಅದರಿಂದಲೂ ಸಿರಪ್ ಆಗುತ್ತದೆ, ಆದರೆ ಸಿಹಿ ಸಾಮಾನ್ಯವಾಗಿ ಕಮ್ಮಿ, ಮೊಗ್ಗೂ ಬೇಗ ಬಿಡುತ್ತದೆ. ಗುರುತಿಸಿದ ಮರಕ್ಕೆ ಒಂದು ಬಣ್ಣದ ಬಟ್ಟೆ ಕಟ್ಟಿಡಿ.

ಆಮೇಲೆ ಟೇಪ್ ಹಿಡಿದು ಎದೆಯೆತ್ತರದಲ್ಲಿ ಸುತ್ತಳತೆ ನೋಡಿ. 95 ಸೆಂಟಿಮೀಟರ್‌ಗಿಂತ ಕಮ್ಮಿ ಇದ್ದರೆ ಆ ಮರವನ್ನು ಮುಟ್ಟಬೇಡಿ, ಇನ್ನೂ ಬೆಳೆಯಲಿ. ಅದಕ್ಕಿಂತ ದಪ್ಪ ಇದ್ದರೆ ನೀರು ಇಳಿಸಲು ಒಂದು ತೂತು ಕೊರೆಯಬಹುದು. 145 ಸೆಂಟಿಮೀಟರ್ ದಾಟಿದ್ದರೆ ಎರಡು. ಮರ ಎಷ್ಟೇ ದೊಡ್ಡದಿರಲಿ, ಮೂರನೆಯದು ಬೇಡ.

ಯಾವಾಗ ಕೊರೆಯಬೇಕು

ಮಾರ್ಚ್ ತಿಂಗಳ ಮೊದಲ ಮಂಗಳವಾರ ವರ್ಮಾಂಟ್‌ನ ಊರೂರಲ್ಲಿ ಗ್ರಾಮಸಭೆ. ಆ ಹೊತ್ತಿಗೆ ಮರಕ್ಕೆ ಬಕೆಟ್ ಕಟ್ಟಿರಬೇಕು ಅನ್ನುವುದು ಹಳಬರ ಲೆಕ್ಕ. ಈಚೆಗೆ ಫೆಬ್ರುವರಿಯಲ್ಲೇ ಬೆಚ್ಚಗಾಗುವುದು ಜಾಸ್ತಿಯಾಗಿದೆ. ಹಾಗಾಗಿ ಕ್ಯಾಲೆಂಡರ್ ಬಿಟ್ಟು ಹವಾಮಾನ ನೋಡಿ. ರಾತ್ರಿ ಸೊನ್ನೆ ಡಿಗ್ರಿಗಿಂತ ಕೆಳಗೆ, ಹಗಲು 4ರಿಂದ 7 ಡಿಗ್ರಿ ಸೆಲ್ಸಿಯಸ್. ಈ ಏರಿಳಿತ ನಾಲ್ಕೈದು ದಿನ ಸಾಲಾಗಿ ಬರುವಂತಿದ್ದರೆ ಅದೇ ಮುಹೂರ್ತ.

ಯಾಕೆ ಹೀಗೆ? ಮೇಪಲ್ ಮರದ ನಾರಿನ ಒಳಗೆ ಗಾಳಿ ತುಂಬಿರುತ್ತದೆ. ರಾತ್ರಿ ಚಳಿಗೆ ಆ ಗಾಳಿ ಕುಗ್ಗಿ, ಸುತ್ತ ಮಂಜುಗಡ್ಡೆ ಕಟ್ಟುತ್ತದೆ. ಮರ ಬೇರಿನಿಂದ ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಹಗಲು ಮಂಜುಗಡ್ಡೆ ಕರಗಿದಾಗ ಒಳಗಿನ ಗಾಳಿ ಹಿಗ್ಗಿ ಆ ನೀರನ್ನು ಒತ್ತುತ್ತದೆ. ಎಲ್ಲಿ ತೂತು ಸಿಕ್ಕಿತೋ ಅಲ್ಲಿಂದ ಹೊರಗೆ ಬರುತ್ತದೆ. ಬರೀ ಚಳಿಯಾದರೂ ಹನಿ ಇಲ್ಲ, ಬರೀ ಬೆಚ್ಚಗಿದ್ದರೂ ಇಲ್ಲ.

ತೂತು ಮತ್ತು ನಳಿಗೆ

ಮರಕ್ಕೆ ಹೊಡೆಯುವ ಪುಟ್ಟ ನಳಿಗೆಗೆ ಸ್ಪೈಲ್ ಅನ್ನುತ್ತಾರೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದಕ್ಕೆ ತಕ್ಕ 8 ಮಿಲಿಮೀಟರ್ ಬಿಟ್ ಹಾಕಿದ ಡ್ರಿಲ್ ಸಾಕು. ಸೊಂಟದ ಎತ್ತರದಲ್ಲಿ, ದೊಡ್ಡ ಬೇರಿನ ನೇರಕ್ಕೋ ದೊಡ್ಡ ಕೊಂಬೆಯ ಕೆಳಗೋ ಜಾಗ ನೋಡಿ. 4 ಸೆಂಟಿಮೀಟರ್ ಆಳ ಕೊರೆಯಿರಿ. ಡ್ರಿಲ್ಲಿನ ಮೂತಿ ತುಸು ಮೇಲ್ಮುಖವಾಗಿರಲಿ, ಆಗ ನೀರು ಸಲೀಸಾಗಿ ಹೊರಗೆ ಇಳಿಯುತ್ತದೆ.

ಕೊರೆಯುವಾಗ ಉದುರುವ ಹೊಟ್ಟನ್ನು ಅಂಗೈಯಲ್ಲಿ ಹಿಡಿದು ನೋಡಿ. ಕೆನೆಬಣ್ಣದ ಹಸಿ ಹೊಟ್ಟು ಬಂದರೆ ಜೀವ ಇರುವ ಮರ. ಕಂದು ಪುಡಿ ಬಂದರೆ ಅದು ಸತ್ತ ಭಾಗ, ಅಲ್ಲಿ ನೀರು ಸಿಗದು. ಆಮೇಲೆ ನಳಿಗೆ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಟಕ್ ಟಕ್ ಅನ್ನುತ್ತಿದ್ದ ಸದ್ದು ಒಂದು ಹಂತದಲ್ಲಿ ದಪ್ಪಗಾಗುತ್ತದೆ. ಅಲ್ಲಿಗೆ ಕೈ ನಿಲ್ಲಿಸಬೇಕು. ಇನ್ನೊಂದು ಏಟು ಹೊಡೆದರೆ ಮರ ಸೀಳಬಹುದು, ನೀರೆಲ್ಲ ಬದಿಯಿಂದ ಸೋರಿಹೋಗುತ್ತದೆ.

ಬಕೆಟ್ಟಿಗೆ ಮುಚ್ಚಳ ಇರಲಿ, ಇಲ್ಲದಿದ್ದರೆ ಮಳೆ, ಹಿಮ, ಹುಳ ಎಲ್ಲ ಬೀಳುತ್ತವೆ. ಹಳೆ ಸಾಮಾನಿನ ಅಂಗಡಿಯಲ್ಲಿ ಚೆಂದದ ತಗಡಿನ ಬಕೆಟ್ ಸಿಗುತ್ತವೆ, ಆದರೆ ಹಳೆಯದರ ಬೆಸುಗೆಯಲ್ಲಿ ಸೀಸ ಇರಬಹುದು. ಆಹಾರಕ್ಕೆಂದೇ ಮಾಡಿದ ಹೊಸದನ್ನೇ ಕೊಳ್ಳಿ.

ನೀರು ಕೂಡಿಡುವುದು

ನಮ್ಮಲ್ಲಿ ಕಬ್ಬಿನ ರಸಕ್ಕೆ ಕಬ್ಬಿನ ಹಾಲು ಅಂತಲೇ ಹೇಳುತ್ತೇವೆ. ಇದು ಹಾಲಲ್ಲ, ತಿಳಿ ನೀರು. ನಾಲಿಗೆಗೆ ಇಟ್ಟರೆ ಎಲ್ಲೋ ಒಂದು ಎಳೆ ಸಿಹಿ, ಅಷ್ಟೆ. ಕಬ್ಬಿನ ಹಾಲಲ್ಲಿ ಸಕ್ಕರೆ ಶೇ 15ರ ಆಸುಪಾಸು ಇದ್ದರೆ ಇದರಲ್ಲಿ ಬರೀ ಶೇ 2. ಆದ್ದರಿಂದಲೇ 40 ಲೀಟರ್ ಕುದಿಸಿದರೆ ಒಂದು ಲೀಟರ್ ಸಿರಪ್. ಒಂದು ತೂತಿನಿಂದ ಇಡೀ ಸೀಸನ್ನಿಗೆ ಸಿಗುವುದೂ ಹೆಚ್ಚುಕಮ್ಮಿ 40 ಲೀಟರೇ. ಒಂದು ತೂತಿಗೆ ಒಂದು ಲೀಟರ್ ಅಂತ ನೆನಪಿಟ್ಟುಕೊಳ್ಳಿ.

ಈ ನೀರು ಹಾಲಿನ ಹಾಗೆ ಕೆಡುತ್ತದೆ. ದಿನಾ ಸಂಜೆ ತಂದು, ಬಟ್ಟೆಯಲ್ಲಿ ಸೋಸಿ, ಡಬ್ಬವನ್ನು ನೆರಳಿನ ಹಿಮದಲ್ಲಿ ಕುತ್ತಿಗೆವರೆಗೆ ಹೂತಿಡಿ. ಒಂದು ವಾರದೊಳಗೆ ಕುದಿಸಿ ಮುಗಿಸಿ. ಬೆಳಗ್ಗೆ ಬಕೆಟ್ಟಿನ ಮೇಲೆ ಮಂಜುಗಡ್ಡೆ ತೇಲುತ್ತಿದ್ದರೆ ಎತ್ತಿ ಎಸೆಯಿರಿ. ಹೆಪ್ಪುಗಟ್ಟಿದ್ದು ಹೆಚ್ಚಾಗಿ ಬರೀ ನೀರು, ಸಕ್ಕರೆ ಕೆಳಗೆ ಉಳಿದಿರುತ್ತದೆ. ಸೌದೆಯೂ ಉಳಿಯಿತು.

ದೊಡ್ಡ ತೋಟದವರು ಕಾಡಿನ ತುಂಬ ಪ್ಲಾಸ್ಟಿಕ್ ಕೊಳವೆ ಎಳೆದಿರುತ್ತಾರೆ. ಅವರ ಹತ್ತಿರ ಆರ್‌ಒ ಯಂತ್ರ ಇರುತ್ತದೆ, ನಮ್ಮೂರ ಕುಡಿಯುವ ನೀರಿನ ಘಟಕದಲ್ಲಿ ಇರುವಂಥದ್ದೇ. ನಾವು ಅದರಿಂದ ಶುದ್ಧ ನೀರು ಹಿಡಿದು ಉಳಿದದ್ದನ್ನು ಚೆಲ್ಲುತ್ತೇವೆ. ಇಲ್ಲಿ ಉಳಿದದ್ದೇ ಬಂಗಾರ, ಅದರಲ್ಲಿ ಸಕ್ಕರೆ ಇದೆ.

ಕುದಿಸುವುದು

ಹೊರಗೇ ಕುದಿಸಿ. ಇದನ್ನು ಒತ್ತಿ ಹೇಳುತ್ತೇನೆ. ಮೊದಲ ವರ್ಷ ನಾನು ಅಡುಗೆಮನೆಯ ಒಲೆಯ ಮೇಲೆ ಇಟ್ಟೆ. 40 ಲೀಟರಿನಲ್ಲಿ 39 ಲೀಟರ್ ಹಬೆಯಾಗಿ ಎಲ್ಲಿಗೆ ಹೋಗಬೇಕು? ಗೋಡೆ ಪೂರ್ತಿ ಬೆವೆತು ಅಂಟಂಟಾಯಿತು, ಬಣ್ಣ ಎದ್ದುಬಂತು.

ಸಿಮೆಂಟ್ ಇಟ್ಟಿಗೆಯನ್ನು ಮೂರು ಕಡೆ ಜೋಡಿಸಿ ಸೌದೆ ಒಲೆ ಮಾಡಿಕೊಳ್ಳಿ. ಪಾತ್ರೆ ಆಳ ಬೇಡ, ಅಗಲ ಬೇಕು. ಹೋಟೆಲಿನ ಸ್ಟೀಲ್ ಟ್ರೇ ಚೆನ್ನಾಗಿ ಆಗುತ್ತದೆ. ಆಳ ಎರಡು ಇಂಚು ಇರಲಿ, ಕಮ್ಮಿಯಾದ ಹಾಗೆ ಸ್ವಲ್ಪ ಸ್ವಲ್ಪ ಸುರಿಯುತ್ತಿರಿ. ಉರಿ ಜೋರಾಗಿಯೇ ಇರಲಿ. ಬಿಳಿ ನೊರೆ ಬಂದರೆ ಜಾಲರಿ ಸೌಟಿನಿಂದ ತೆಗೆಯಿರಿ. ಉಕ್ಕಿ ಬಂದರೆ ಕಡಲೆಕಾಳಿನಷ್ಟು ಬೆಣ್ಣೆ ಹಾಕಿ, ತಕ್ಷಣ ಕೆಳಗಿಳಿಯುತ್ತದೆ.

40 ಲೀಟರಿಗೆ ಒಂದು ಇಡೀ ದಿನ ಬೇಕು. ಈ ದಿನವೇ ನನಗೆ ಇಷ್ಟ. ಮಕ್ಕಳು ಹಿಮದಲ್ಲಿ ಜಾರುತ್ತಾರೆ, ಸೌದೆ ತಂದು ಹಾಕುತ್ತಾರೆ. ನೆರೆಯವರು ಕುರ್ಚಿ ಹೊತ್ತು ಬರುತ್ತಾರೆ. ಕುದಿಯುವ ಮೇಪಲ್ ನೀರಲ್ಲೇ ಚಹಾ ಮಾಡಿ ನೋಡಿ, ಸಕ್ಕರೆ ಬೇಡವೇ ಬೇಡ.

ಪಾಕ ನೋಡುವುದು

ಬಣ್ಣ ಹೊಂಬಣ್ಣಕ್ಕೆ ತಿರುಗಿ, ಗುಳ್ಳೆ ಸಣ್ಣದಾದಾಗ ಸಣ್ಣ ಪಾತ್ರೆಗೆ ಸುರಿದು ಒಳಗೆ ತನ್ನಿ. ಉಳಿದದ್ದು ಸಣ್ಣ ಉರಿಯಲ್ಲಿ. ಇಲ್ಲಿಂದ ಮುಂದೆ ಕಣ್ಣು ತೆಗೆಯುವ ಹಾಗಿಲ್ಲ. ಒಂದು ವರ್ಷ ಫೋನ್ ಬಂತು ಅಂತ ಐದೇ ನಿಮಿಷ ಹೋಗಿ ಬಂದೆ. ಒಂದು ವಾರದ ನೀರು ತಳ ಹತ್ತಿ ಕರಕಲಾಗಿತ್ತು. ಮಗಳು ಅತ್ತಳು, ನನಗೂ ತಡೆಯಲಾಗಲಿಲ್ಲ.

ಲೆಕ್ಕ ಸುಲಭ. ಆ ದಿನ ನಿಮ್ಮ ಮನೆಯಲ್ಲಿ ಬರೀ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ ಅಂತ ಮೊದಲು ನೋಡಿ. ಎತ್ತರದ ಊರಲ್ಲಿ 100ಕ್ಕಿಂತ ಕಮ್ಮಿಗೇ ಕುದಿಯುತ್ತದೆ. ಅದಕ್ಕಿಂತ ಸರಿಯಾಗಿ 4 ಡಿಗ್ರಿ ಸೆಲ್ಸಿಯಸ್ ಮೇಲೆ ಹೋದಾಗ ಸಿರಪ್ ಆಯಿತು. ವರ್ಮಾಂಟ್‌ನ ಕಾನೂನು ಕೇಳುವುದು ಕನಿಷ್ಠ ಶೇ 66.9 ಸಕ್ಕರೆ. ಅದಕ್ಕಿಂತ ತೆಳುವಾದರೆ ಬೂಷ್ಟು ಬರುತ್ತದೆ, ಜಾಸ್ತಿ ಗಟ್ಟಿಯಾದರೆ ಬಾಟಲಿಯ ತಳದಲ್ಲಿ ಹರಳು ಕಟ್ಟುತ್ತದೆ.

ಥರ್ಮಾಮೀಟರ್ ಜೊತೆ ಸೌಟನ್ನೂ ನಂಬಿ. ಸೌಟು ಅದ್ದಿ ಎತ್ತಿ ಓರೆ ಮಾಡಿ. ಮೊದಲು ಹನಿಹನಿಯಾಗಿ ಬೀಳುತ್ತಿರುತ್ತದೆ. ಆಮೇಲೆ ಎರಡು ಹನಿ ಅಂಚಿನಲ್ಲಿ ಹತ್ತಿರ ಸರಿಯುತ್ತವೆ. ಇನ್ನೊಂದು ನಿಮಿಷ ಬಿಟ್ಟು ನೋಡಿದರೆ ಅವು ಕೂಡಿಕೊಂಡು, ಅಗಲವಾದ ತೆಳು ಪರದೆಯ ಹಾಗೆ ಇಳಿಬಿದ್ದು ಕಿತ್ತು ಬೀಳುತ್ತವೆ. ಅದೇ ಪಾಕ. ಪಕ್ಕದ ಅಜ್ಜ ಇದನ್ನು ತೋರಿಸಿದಾಗ ನನಗೆ ಜೋನಿ ಬೆಲ್ಲದ ಪಾಕ ನೋಡುತ್ತಿದ್ದ ನಮ್ಮ ದೊಡ್ಡಪ್ಪನ ಕೈ ನೆನಪಾಯಿತು.

ಬಿಸಿ ಇರುವಾಗಲೇ ಉಣ್ಣೆಯ ಸೋಸುಬಟ್ಟೆಯಲ್ಲಿ ಸೋಸಿ. ಮರಳಿನಂಥ ಕಸರು ಕೂರುತ್ತದೆ. ಅದು ಮರದ ನೀರಲ್ಲೇ ಇದ್ದ ಖನಿಜಾಂಶ, ಬಾಯಿಗೆ ಸಿಕ್ಕರೆ ಕರಕರ ಅನ್ನುತ್ತದೆ ಅಷ್ಟೆ. 85 ಡಿಗ್ರಿ ಬಿಸಿ ಇರುವಾಗ ಕುದಿಸಿಟ್ಟ ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು, ಅಡ್ಡ ಮಲಗಿಸಿ. ತೆರೆದ ಮೇಲೆ ಫ್ರಿಜ್ಜಿನಲ್ಲಿ ಇಡಿ.

ಒಂದು ಲೋಟ ಎತ್ತಿಟ್ಟುಕೊಂಡು 112 ಡಿಗ್ರಿವರೆಗೆ ಮತ್ತೆ ಕಾಯಿಸಿ, ನೀರಿಗೆ ಹಾಕಿದರೆ ಮೆತ್ತನೆ ಉಂಡೆ ಕಟ್ಟುವ ಪಾಕ. ಅದನ್ನು ತಟ್ಟೆಯಲ್ಲಿ ಒತ್ತಿಟ್ಟ ಶುದ್ಧ ಹಿಮದ ಮೇಲೆ ಎಳೆಎಳೆಯಾಗಿ ಸುರಿದರೆ ಅಂಟುಂಡೆಯಾಗುತ್ತದೆ, ಫೋರ್ಕಿಗೆ ಸುತ್ತಿ ತಿನ್ನುವುದು. ಇಲ್ಲಿನವರು ಜೊತೆಗೆ ಹುಳಿ ಸೌತೆಕಾಯಿ ಉಪ್ಪಿನಕಾಯಿ ಕಚ್ಚುತ್ತಾರೆ. ಆಲೆಮನೆಯಲ್ಲಿ ಸಿಹಿ ಕುಡಿದು ಮಿರ್ಚಿ, ಮಂಡಕ್ಕಿ ತಿನ್ನುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ, ಅಲ್ವಾ? ಸಿರಪ್‌ಗೆ ಮಾತ್ರ ನನ್ನ ಜೋಡಿ ಬಿಸಿ ತೆಳ್ಳೇವು ಮತ್ತು ತುಪ್ಪ.

ಯಾವಾಗ ನಿಲ್ಲಿಸಬೇಕು

ಸೀಸನ್ ನಾಲ್ಕರಿಂದ ಆರು ವಾರ. ಮೊದಮೊದಲ ಸಿರಪ್ ತಿಳಿ ಹೊಂಬಣ್ಣ, ದಿನ ಹೋದ ಹಾಗೆ ಬಣ್ಣ, ರುಚಿ ಎರಡೂ ಗಾಢ. ಏಪ್ರಿಲ್ ಹೊತ್ತಿಗೆ ಹಿಮ ಕರಗಿ ಮಣ್ಣುರಸ್ತೆ ಕೆಸರುಗದ್ದೆಯಾಗುತ್ತದೆ. ಒಂದು ಸಂಜೆ ಕೆರೆಯಂಚಿನಿಂದ ಪುಟ್ಟ ಕಪ್ಪೆಗಳ ಕೂಗು ಗೆಜ್ಜೆಯ ಹಾಗೆ ಕೇಳುತ್ತದೆ. ಆಗ ಬರುವ ಕೊನೆಯ ನೀರಿಗೆ ಇಲ್ಲಿನವರು ‘ಕಪ್ಪೆ ಓಟ’ ಅನ್ನುತ್ತಾರೆ. ಮೊಗ್ಗು ಉಬ್ಬಿದ ಮೇಲೆ ಸಿಗುವ ನೀರಿನ ಸಿರಪ್‌ಗೆ ಒಂಥರಾ ಅಡ್ಡವಾಸನೆ. ಇನ್ನೂ ಹನಿಯುತ್ತಿದೆ ಅಂತ ಆಸೆಪಡಬೇಡಿ. ಚಿಗುರಿಗೆ ಮರಕ್ಕೂ ಅದೇ ಸಕ್ಕರೆ ಬೇಕು.

ನಳಿಗೆಯನ್ನು ಮೆಲ್ಲಗೆ ತಿರುಗಿಸಿ ಕೀಳಿ. ತೂತಿಗೆ ಬೆಣೆ, ಮೇಣ ಏನೂ ಹಾಕಬೇಡಿ. ಮರ ತಾನೇ ಒಳಗಿನಿಂದ ಗೋಡೆ ಕಟ್ಟಿಕೊಂಡು ಮುಚ್ಚಿಕೊಳ್ಳುತ್ತದೆ. ಬಕೆಟ್, ನಳಿಗೆಗಳನ್ನು ಬರೀ ಬಿಸಿನೀರಲ್ಲಿ ತಿಕ್ಕಿ ಒಣಗಿಸಿ, ಸೋಪಿನ ವಾಸನೆ ಮುಂದಿನ ವರ್ಷದವರೆಗೂ ಹಿಡಿದಿರುತ್ತದೆ. ಈ ವರ್ಷದ ತೂತಿನ ನೇರ ಮೇಲೆ, ಕೆಳಗಿನ ಮರ ಇನ್ನು ನೀರು ಕೊಡುವುದಿಲ್ಲ. ಹಾಗಾಗಿ ಯಾವ ಮರ, ಯಾವ ದಿಕ್ಕು, ಎಷ್ಟು ಎತ್ತರ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಮ್ಮನೆಯಲ್ಲಿ ಆ ಲೆಕ್ಕ ಮಗಳದ್ದು. ಪ್ರತಿ ಮರಕ್ಕೂ ಒಂದು ಪುಟ, ಪುಟದ ತುಂಬ ಒಂದು ವೃತ್ತ, ವೃತ್ತದ ಅಂಚಿನಲ್ಲಿ ವರ್ಷಕ್ಕೊಂದು ಚುಕ್ಕೆ.