ಬಿ.ಎಡ್. ಪಾಠ ಹೇಳುವವರು ತಮ್ಮ ಬೋಧನಾ ನಿಲುವನ್ನು ಬರೆದುಕೊಳ್ಳುವ ಬಗೆ

ಸಂದರ್ಶನಕ್ಕೋ ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ) ಕಡತಕ್ಕೋ ಒಂದು ಪುಟದ ‘ಬೋಧನಾ ನಿಲುವು’, ಅಂದರೆ ನಾನು ಹೇಗೆ ಪಾಠ ಹೇಳುತ್ತೇನೆಂಬ ಬರಹ, ಬೇಕಾದಾಗ ಹೆಚ್ಚಿನವರು ‘ವಿದ್ಯಾರ್ಥಿಕೇಂದ್ರಿತ ಬೋಧನೆಯಲ್ಲಿ ನನಗೆ ನಂಬಿಕೆ’ ಎಂದು ಶುರು ಮಾಡುತ್ತಾರೆ. ಸೋಮವಾರದ ಮೊದಲ ಪೀರಿಯಡ್‌ನಲ್ಲಿ ಏನು ಮಾಡಬೇಕು ಅನ್ನೋದು ಆ ಸಾಲಿನಿಂದ ತಿಳಿಯುವುದಿಲ್ಲ. ಬಿ.ಎಡ್. ಕ್ಲಾಸಿನಲ್ಲಿ ಇನ್ನೂ ಒಂದು ತೊಡಕಿದೆ: ಪ್ರಶಿಕ್ಷಣಾರ್ಥಿಗಳು (ಶಿಕ್ಷಕರಾಗಲು ಕಲಿಯುತ್ತಿರುವವರು) ನಿಮ್ಮ ಪಾಠದ ಜತೆಗೆ ಪಾಠ ಹೇಳುವ ರೀತಿಯನ್ನೂ ಕಲಿಯುತ್ತಾರೆ. ಚಟುವಟಿಕೆ ಆಧಾರಿತ ಕಲಿಕೆಯ ಘಟಕವನ್ನು ಒಂದು ತಾಸು ಡಿಕ್ಟೇಟ್ ಮಾಡಿಸಿದರೆ, ಮುಂದೆ ಅವರು ಕುಷ್ಟಗಿ ಕಡೆಯ ಹೈಸ್ಕೂಲಿನಲ್ಲಿ ಮಾಡುವುದೂ ಡಿಕ್ಟೇಶನ್ನೇ.

ಹಾಗಾಗಿ ಹಿಂದಿನ ಬೆಂಚಿನಲ್ಲಿ ಕೂತವರ ಕಣ್ಣಿಗೆ ಬೀಳುವ ಕೆಲಸಗಳನ್ನಷ್ಟೇ ಬರೆಯಿರಿ. ನಾಲ್ಕೈದು ಸಾಲು ಸಾಕು. ‘ಪ್ರಶ್ನೆ ಕೇಳಿದ ಮೇಲೆ ಮೂರು ಸೆಕೆಂಡ್ ಸುಮ್ಮನಿರುತ್ತೇನೆ’ ಅನ್ನುವುದು ಅಂಥ ಒಂದು ಸಾಲು. ಶಿಕ್ಷಕರು ಉತ್ತರಕ್ಕೆ ಸರಾಸರಿ ಒಂದೇ ಸೆಕೆಂಡಿನಷ್ಟು ಕಾಯುತ್ತಾರೆಂದು ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನೆ ಕೂತವರೂ ಬಾಯಿ ಬಿಡುತ್ತಾರೆ. ಮೊದಲು ನಿಮ್ಮ ಕ್ಲಾಸಿನಲ್ಲೇ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಎಣಿಸಿ. ‘ತಿಳೀತೇನು?’ ಅಂತ ಕೇಳಿ ‘ಹೂನ್ರಿ ಸರ’ ಅನ್ನಿಸಿಕೊಂಡಿದ್ದನ್ನು ಪ್ರಶ್ನೆಯ ಲೆಕ್ಕಕ್ಕೆ ಹಿಡಿಯಬೇಡಿ.

ಎರಡನೆಯ ಸಾಲು ಸೂಕ್ಷ್ಮ ಬೋಧನೆಯ (ಮೈಕ್ರೋಟೀಚಿಂಗ್) ಬಗ್ಗೆ ಇರಲಿ: ಸಹಪಾಠಿಗಳನ್ನೇ ಮಕ್ಕಳಾಗಿ ಕೂರಿಸಿ ಕೆಲವೇ ನಿಮಿಷದ ಪಾಠ ಮಾಡುವ ಅಭ್ಯಾಸ ಅದು. ಎನ್‌ಸಿಇಆರ್‌ಟಿ (ಶಾಲಾ ಶಿಕ್ಷಣದ ರಾಷ್ಟ್ರೀಯ ಸಂಸ್ಥೆ) ಮಾದರಿಯ ಒಂದು ಸುತ್ತು 36 ನಿಮಿಷದ್ದು: ಪಾಠ 6, ಹಿಮ್ಮಾಹಿತಿ (ಫೀಡ್‌ಬ್ಯಾಕ್) 6, ಮರುಯೋಜನೆ 12, ಮರುಪಾಠ 6, ಮತ್ತೆ ಹಿಮ್ಮಾಹಿತಿ 6. ಟೈಮ್ ಸಾಲದೆಂದು ಮರುಯೋಜನೆ, ಮರುಪಾಠಕ್ಕೇ ಕತ್ತರಿ ಹಾಕುವ ರೂಢಿ ಇದೆ. ಅಲ್ಲಿಗೆ ಉಳಿಯುವುದು ಬರೀ ಬೈಗುಳ. ಐವತ್ತು ಜನರಿದ್ದರೆ ಎಂಟೆಂಟು ಜನರ ಗುಂಪು ಮಾಡಿ ದೂರ ದೂರ ಕೂರಿಸಿ, ಗಡಿಯಾರವನ್ನು ಒಬ್ಬರ ಕೈಗೆ ಕೊಡಿ.

ಇನ್ನೊಂದು ದೋಷ, ಮಕ್ಕಳಾಗಿ ಕೂರುವವರು ಪದವೀಧರರು. ಕೇಳಿದ್ದಕ್ಕೆಲ್ಲ ಸರಿಯುತ್ತರ ಕೊಡುತ್ತಾರೆ. ಇದಕ್ಕೆ ಚೀಟಿಯ ಉಪಾಯ ಚೆನ್ನಾಗಿ ನಡೆಯುತ್ತದೆ. ಭಿನ್ನರಾಶಿ ಪಾಠವಾದರೆ ಮೂವರಿಗೆ ಗುಟ್ಟಾಗಿ ಚೀಟಿ ಕೊಡಿ. ಒಂದರಲ್ಲಿ ‘ಎರಡಕ್ಕಿಂತ ಮೂರು ದೊಡ್ಡದು, ಆದ್ದರಿಂದ 1/2ಕ್ಕಿಂತ 1/3 ದೊಡ್ಡದು ಎಂದು ಹಟ ಹಿಡಿ’ ಎಂದಿರಲಿ. ಮುಂದೆ ನಿಂತವರು ಸಾಮಾನ್ಯವಾಗಿ ‘ತಪ್ಪು, ಕೂಡ್ರು’ ಅಂದು ಪಕ್ಕದವರನ್ನು ಕೇಳುತ್ತಾರೆ. ತಪ್ಪಿಗೆ ಕಾರಣ ಕೇಳುವುದನ್ನು ಅಭ್ಯಾಸ ಮಾಡಿಸಬೇಕಾದದ್ದು ಅಲ್ಲೇ. ಆಮೇಲೆ ರೊಟ್ಟಿ ಮುರಿದು ತೋರಿಸಲು ಹೊರಟರೆ ತಡೆಯಿರಿ: ಎರಡು ರೊಟ್ಟಿ ಒಂದೇ ಅಳತೆ ಇರುವುದಿಲ್ಲ, ಮೂರು ಸಮಪಾಲು ಕೈಯಲ್ಲಿ ಆಗುವುದೂ ಇಲ್ಲ. 24 ಸೆಂ.ಮೀ. ಉದ್ದದ ಕಾಗದದ ಪಟ್ಟಿಗಳು ಸಾಕು. ಅರ್ಧ 12, ಮೂರನೇ ಒಂದು 8, ಕಾಲು 6. ಮಕ್ಕಳೇ ಮಡಚಿ ಒಂದರ ಪಕ್ಕ ಒಂದಿಟ್ಟು ನೋಡಲಿ. ‘ಅಂಶ, ಛೇದ’ ಬೋರ್ಡಿಗೆ ಬರುವುದು ಅದಾದ ಮೇಲೆ. ಸಿರುಗುಪ್ಪ ಕಡೆ ಮನೆಯಲ್ಲಿ ತೆಲುಗು ಆಡುವ ಮಗುವಿಗೂ ಲಂಬಾಣಿ ತಾಂಡಾದ ಮಗುವಿಗೂ ಈ ಕ್ರಮ ಮುಖ್ಯ, ಪಠ್ಯದ ಕನ್ನಡ ಅವರಿಗೆ ಬೇರೆಯದೇ ಭಾಷೆ. (ಊರಿನ ಮಾತು ಆಡುವ ಪ್ರಶಿಕ್ಷಣಾರ್ಥಿಯನ್ನು ‘ಶುದ್ಧ ಕನ್ನಡ ಮಾತಾಡು’ ಎಂದು ತಿದ್ದುವ ನಾವೂ ಇದನ್ನು ನೆನಪಿಡಬೇಕು.)

ಹಿಮ್ಮಾಹಿತಿಯಲ್ಲಿ ‘ಚೆನ್ನಾಗಿತ್ತು, ದನಿ ಜೋರಿರಲಿ’ ಬೇಡ. ಎಣಿಸಿದ್ದನ್ನು ಹೇಳಿ: ‘ಏಳು ಪ್ರಶ್ನೆ ಕೇಳಿದಿರಿ, ಐದಕ್ಕೆ ಮುಂದಿನ ಬೆಂಚಿನವರೇ ಉತ್ತರಿಸಿದರು.’ ಒಂದು ಸಲಕ್ಕೆ ತಿದ್ದಲು ಒಂದೇ ಅಂಶ ಕೊಡಿ. ಐದು ಕೊಟ್ಟರೆ ಮರುಪಾಠದಲ್ಲಿ ಒಂದನ್ನೂ ತಿದ್ದಿಕೊಳ್ಳಲು ಆಗುವುದಿಲ್ಲ.

ಪಾಠ ಯೋಜನೆಯ ರೆಕಾರ್ಡ್ ಸೀನಿಯರ್‌ಗಳ ಪುಸ್ತಕದಿಂದ ನಕಲಾಗುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಬೈದು ಪ್ರಯೋಜನವಿಲ್ಲ. ‘ಮಕ್ಕಳು ಏನು ತಪ್ಪು ಹೇಳಬಹುದು’ ಎಂಬ ಒಂದು ಕಾಲಂ ಸೇರಿಸಿ, ಪಾಠ ಮುಗಿದ ದಿನವೇ ಅವರು ನಿಜಕ್ಕೂ ಏನು ಹೇಳಿದರೆಂದು ಅದರ ಪಕ್ಕ ಕೆಂಪು ಪೆನ್ನಿನಲ್ಲಿ ಬರೆಸಿ. ಅದನ್ನು ನಕಲು ಮಾಡಲು ಬರುವುದಿಲ್ಲ. ಸಹಿ ಹಾಕುವ ಮುನ್ನ ಆ ಕಾಲಂ ಒಂದನ್ನೇ ಓದಿದರೂ ಸಾಕು.

ಎನ್‌ಸಿಟಿಇಯ (ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಮಂಡಳಿ) 2014ರ ನಿಯಮಗಳಂತೆ ಎರಡು ವರ್ಷದ ಕೋರ್ಸಿನಲ್ಲಿ 20 ವಾರ ಶಾಲೆಯಲ್ಲಿ ಕಳೆಯಬೇಕು. ಮೊದಲ ವಾರ ಪಾಠ ಕೊಡಿಸಬೇಡಿ. ಮೂರು ಮಕ್ಕಳನ್ನು ಆರಿಸಿ ಅವರ ನೋಟ್‌ಬುಕ್, ಹಾಜರಿ ನೋಡಿ ಬರಲು ಹೇಳಿ. ಹತ್ತಿ ಬಿಡಿಸುವ ದಿನಗಳಲ್ಲಿ, ಮನೆಮಂದಿ ಗುಳೆ ಹೋದಾಗ ಹಾಜರಿಯಲ್ಲಿ ಕಾಣುವ ಖಾಲಿ ಸಾಲುಗಳಿಗೆ ‘ದಡ್ಡ’ ಎಂಬ ಹಣೆಪಟ್ಟಿ ಬೀಳುವುದು ಈ ನೋಟ ಇಲ್ಲದಾಗ. ಪ್ರತಿ ಯೋಜನೆಯಲ್ಲೂ ಹಿಂದಿನ ವಾರ ತಪ್ಪಿಸಿಕೊಂಡವರಿಗೆಂದು ಐದು ನಿಮಿಷ ತೆಗೆದಿಡಿಸಿ.

ನಿಲುವಿನ ಪುಟವನ್ನು ಮೊದಲ ವಾರವೇ ಪ್ರಶಿಕ್ಷಣಾರ್ಥಿಗಳ ಕೈಗೆ ಕೊಡಿ. ಸೆಮಿಸ್ಟರ್ ಕೊನೆಗೆ ಹೆಸರು ಬರೆಸದೆ, ಯಾವ ಸಾಲು ಕ್ಲಾಸಿನಲ್ಲಿ ಕಾಣಲಿಲ್ಲವೋ ಅದಕ್ಕೆ ಗೆರೆ ಹಾಕಿ ವಾಪಸ್ ಕೊಡಲು ಹೇಳಿ. ಅರ್ಧಕ್ಕಿಂತ ಹೆಚ್ಚು ಜನ ಗೆರೆ ಎಳೆದ ಸಾಲನ್ನು ಮುಂದಿನ ಸೆಮಿಸ್ಟರ್‌ನಲ್ಲಿ ಮಾಡಿ ತೋರಿಸಿ, ಆಗದಿದ್ದರೆ ಪುಟದಿಂದ ತೆಗೆದುಹಾಕಿ.