ಮಗುವಿನ ಹೆಸರಿನ ಎಸ್‌ಐಪಿ ಅಮೆರಿಕದಲ್ಲಿ ಯಾರದ್ದು?

ಸಂಸಾರ ಸಮೇತ ಅಮೆರಿಕಕ್ಕೆ ಹೊರಡುವವರು ತಮ್ಮ ಖಾತೆಗಳನ್ನು ಎನ್‌ಆರ್‌ಒ (ಅನಿವಾಸಿಗಳ ರೂಪಾಯಿ ಖಾತೆ) ಮಾಡಿಸುತ್ತಾರೆ, ಮನೆ ಬಾಡಿಗೆಗೆ ಕೊಡುತ್ತಾರೆ, ಪವರ್ ಆಫ್ ಅಟಾರ್ನಿ ಬರೆಸುತ್ತಾರೆ. ಅದನ್ನೆಲ್ಲ ಇಲ್ಲಿ ಮತ್ತೆ ಹೇಳಬೇಕಿಲ್ಲ. ಮರೆತುಹೋಗುವುದು ಮಕ್ಕಳ ಹೆಸರಿನಲ್ಲಿರುವ ದುಡ್ಡು: ನಾಮಕರಣಕ್ಕೆ ಅಜ್ಜ ಇಟ್ಟ ಎಫ್‌ಡಿ, ಅಂಚೆ ಕಚೇರಿಯ ಸುಕನ್ಯಾ ಪಾಸ್‌ಬುಕ್ಕು, ತಿಂಗಳು ತಿಂಗಳು ತಾನಾಗಿ ಕಟ್ ಆಗಿ ಮ್ಯೂಚುವಲ್ ಫಂಡಿಗೆ ಹೋಗುವ ಐದು ಸಾವಿರದ ಎಸ್‌ಐಪಿ. "ಮಗೂದಲ್ವಾ, ಅದಕ್ಕೇನ್ ಟ್ಯಾಕ್ಸು" ಅಂದುಕೊಂಡಲ್ಲೇ ಎಡವಟ್ಟು ಶುರುವಾಗುತ್ತದೆ.

ಭಾರತದಲ್ಲಿ ಅಪ್ರಾಪ್ತ ಮಗುವಿನ ಬಡ್ಡಿ, ಲಾಭವೆಲ್ಲ ಅಪ್ಪ-ಅಮ್ಮನಲ್ಲಿ ಯಾರ ಆದಾಯ ಹೆಚ್ಚೋ ಅವರ ಲೆಕ್ಕಕ್ಕೆ ಸೇರುತ್ತದೆ. ಅಮೆರಿಕದಲ್ಲಿ ಹಾಗಲ್ಲ. ಮೂರು ವರ್ಷದ ಕೂಸಾದರೂ ತನ್ನ ಹೆಸರಿನ ಆದಾಯಕ್ಕೆ ತಾನೇ ತೆರಿಗೆದಾರ. ಎಚ್-4 ವೀಸಾದ (ಕೆಲಸಕ್ಕೆ ಬಂದವರ ಕುಟುಂಬಕ್ಕೆ ಸಿಗುವ ವೀಸಾ) ಮಗುವೂ ಅಮೆರಿಕದಲ್ಲಿ ನಿಯಮ ಹೇಳುವಷ್ಟು ದಿನ ಇದ್ದರೆ ತೆರಿಗೆಯ ಮಟ್ಟಿಗೆ ರೆಸಿಡೆಂಟೇ. ಹೀಗಾಗಿ ಅಲ್ಲಿ ಟಿಡಿಎಸ್ ಅಪ್ಪನ ಪ್ಯಾನ್‌ನಲ್ಲಿ ಕೂತಿರುತ್ತದೆ, ಇಲ್ಲಿ ಆದಾಯ ಮಗಳ ತಲೆಗೆ ಬರುತ್ತದೆ, ಎರಡೂ ಕಾಗದ ತಾಳೆಯಾಗುವುದಿಲ್ಲ. ಸಣ್ಣ ಉಳಿತಾಯದವರಿಗೆ ಭಾರತದ ಪದ್ಧತಿಯೇ ವಾಸಿ: ಒಂದು ಮನೆ, ಒಂದು ಲೆಕ್ಕ.

ನಿಜವಾಗಿ ದುಡ್ಡು ತಿನ್ನುವುದು ಮ್ಯೂಚುವಲ್ ಫಂಡ್. ಭಾರತದ ಮ್ಯೂಚುವಲ್ ಫಂಡುಗಳೆಲ್ಲ ಅಮೆರಿಕದ ಕಣ್ಣಿಗೆ ಪಿಎಫ್‌ಐಸಿ (ಪ್ಯಾಸಿವ್ ಫಾರಿನ್ ಇನ್ವೆಸ್ಟ್‌ಮೆಂಟ್ ಕಂಪನಿ, ಅಂದರೆ ಬರೀ ಹೂಡಿಕೆಯಿಂದ ಗಳಿಸುವ ವಿದೇಶಿ ಕಂಪನಿ), ಬಾಯಿಮಾತಿನಲ್ಲಿ ಪಿಫಿಕ್. ಈಕ್ವಿಟಿಯಾಗಲಿ ಡೆಟ್ ಆಗಲಿ ವ್ಯತ್ಯಾಸವಿಲ್ಲ. ನೀವು ತೆರಿಗೆಯ ಬೇರೆ ವಿಧಾನ ಯಾವುದನ್ನೂ ಆಯ್ಕೆ ಮಾಡದಿದ್ದರೆ, ಮಾರಿದ ದಿನ ಬಂದ ಲಾಭವನ್ನು ಇಟ್ಟುಕೊಂಡಿದ್ದ ಅಷ್ಟೂ ದಿನಕ್ಕೆ ಸಮನಾಗಿ ಹಂಚುತ್ತಾರೆ. ಮಾರಿದ ವರ್ಷದ ಪಾಲು ಮಾಮೂಲಿ ಆದಾಯ. ಹಿಂದಿನ ವರ್ಷಗಳ ಪಾಲಿಗೆ ಆಯಾ ವರ್ಷದ ಅತಿ ಹೆಚ್ಚಿನ ದರ, ಈಗ 37%. ಅದರ ಮೇಲೆ ಅಂದಿನಿಂದ ಇಂದಿನವರೆಗೆ ಬಡ್ಡಿ.

ಲೆಕ್ಕ ಹಾಕಿ ನೋಡಿ. ಅಮೆರಿಕದಲ್ಲೇ ಇರುವ ಮಗುವಿನ ಹೆಸರಲ್ಲಿ 2019ರ ಜನವರಿಯಲ್ಲಿ ಕೊಂಡದ್ದನ್ನು 2024ರ ಡಿಸೆಂಬರಿನಲ್ಲಿ ಮಾರಿದ್ದೀರಿ, ಲಾಭ 6,000 ಡಾಲರ್ ಎನ್ನಿ. ವರ್ಷಕ್ಕೆ ಸಾವಿರದಂತೆ ಆರು ಪಾಲು. ಹಿಂದಿನ ಐದು ವರ್ಷದ 5,000ಕ್ಕೆ 37% ಅಂದರೆ 1,850 ಡಾಲರ್, ಬಡ್ಡಿ ಬೇರೆ. ಅದೇ ಲಾಭ ಅಮೆರಿಕದ ಇಂಡೆಕ್ಸ್ ಫಂಡಿನಲ್ಲಿ ಬಂದಿದ್ದರೆ, ಅಪ್ಪ-ಅಮ್ಮ 15% ಕ್ಯಾಪಿಟಲ್ ಗೇನ್ಸ್ ದರದವರಾದರೂ, ಸುಮಾರು 500 ಡಾಲರಿಗೆ ಮುಗಿಯುತ್ತಿತ್ತು.

ಇಲ್ಲಿ ಒಂದು ನಿಯಮವನ್ನು ಎಲ್ಲರೂ ಅರ್ಧ ಓದುತ್ತಾರೆ. ವರ್ಷದ ಕೊನೆಯ ದಿನ ಒಬ್ಬರ ಪಿಫಿಕ್‌ಗಳ ಒಟ್ಟು ಮೌಲ್ಯ 25,000 ಡಾಲರ್ ಒಳಗಿದ್ದರೆ ಪಿಫಿಕ್ ವಿವರ ಕೊಡುವ ಫಾರ್ಮ್ 8621 ತುಂಬಬೇಕಿಲ್ಲ ಎಂದಿದೆ, ನಿಜ. ಅದು ಸುಮ್ಮನೆ ಇಟ್ಟುಕೊಂಡ ವರ್ಷಕ್ಕೆ ಮಾತ್ರ. ಲಾಭಕ್ಕೆ ಮಾರಿದ ವರ್ಷ ಫಾರ್ಮೂ ಬೇಕು, ಮೇಲಿನ ತೆರಿಗೆಯೂ ಬೀಳುತ್ತದೆ. ಒಂದೊಂದು ಫಂಡಿಗೆ ಒಂದೊಂದು ಫಾರ್ಮ್. ನಾಲ್ಕು ಫಂಡಿನ ಎಸ್‌ಐಪಿ ಇದ್ದರೆ ನಾಲ್ಕು. ಸಿಪಿಎ (ಅಮೆರಿಕದ ಲೆಕ್ಕಪರಿಶೋಧಕರು) ಹತ್ತಿರ ಹೋದರೆ ಫಾರ್ಮಿನ ಲೆಕ್ಕದಲ್ಲೇ ಫೀಸು ಕೇಳುತ್ತಾರೆ, ಫಂಡಿನ ಲಾಭಕ್ಕಿಂತ ಅದೇ ಜಾಸ್ತಿಯಾಗುವುದೂ ಉಂಟು.

ದಾರಿ ಎರಡು. ಒಂದು, ಹೊರಡುವ ಮುಂಚೆ ಮಾರಿಬಿಡುವುದು. ಈಕ್ವಿಟಿ ಫಂಡಾಗಿ ವರ್ಷ ದಾಟಿದ್ದರೆ, ವರ್ಷದ ಒಟ್ಟು ಲಾಭ 1.25 ಲಕ್ಷ ಮೀರಿದ್ದಕ್ಕೆ ಭಾರತದಲ್ಲಿ 12.5% ಕಟ್ಟಿ ಕೈತೊಳೆದುಕೊಳ್ಳಬಹುದು. ಹಿಂದೆ ಅಮೆರಿಕಕ್ಕೆ ಬಾರದ, ಗ್ರೀನ್ ಕಾರ್ಡ್ ಇಲ್ಲದ ಮಗು ಜುಲೈ 3 ಅಥವಾ ಅದರ ನಂತರ ಬಂದಿಳಿದರೆ ರೆಸಿಡೆಂಟ್ ಎನ್ನಿಸಿಕೊಳ್ಳಲು ಬೇಕಾದ 183 ದಿನ ಆ ವರ್ಷ ತುಂಬುವುದಿಲ್ಲ. ಬೇಗ ರೆಸಿಡೆಂಟ್ ಆಗುವ ಆಯ್ಕೆ ಮಾಡಿಕೊಳ್ಳದಿದ್ದರೆ ಡಿಸೆಂಬರ್ 31ರವರೆಗೆ ಮಾರಲು ಅವಕಾಶವಿದೆ. ಆದರೆ ಗಂಡ-ಹೆಂಡತಿ ಮೊದಲ ವರ್ಷವೇ ಜಂಟಿ ರಿಟರ್ನ್ ಹಾಕಲು "ಇಡೀ ವರ್ಷ ರೆಸಿಡೆಂಟ್" ಎಂದು ಒಪ್ಪಿಕೊಂಡರೆ, ವಿಮಾನ ಹತ್ತುವ ಮೊದಲು ತಮ್ಮ ಹೆಸರಲ್ಲಿ ಮಾರಿದ್ದೂ ಅಮೆರಿಕದ ಲೆಕ್ಕಕ್ಕೆ ಬಂತು. ಮಗುವಿನ ಹೆಸರಿನದಕ್ಕೆ ಆ ಒಪ್ಪಿಗೆ ತಾಗುವುದಿಲ್ಲ.

ಎರಡು, ಮೊದಲ ರೆಸಿಡೆಂಟ್ ವರ್ಷದಲ್ಲೇ ಮಾರ್ಕ್-ಟು-ಮಾರ್ಕೆಟ್ (ಮಾರದಿದ್ದರೂ ವರ್ಷ ವರ್ಷ ಮಾರುಕಟ್ಟೆ ಬೆಲೆಗೆ ಲೆಕ್ಕ ಹಾಕುವ) ವಿಧಾನ ಆಯ್ಕೆ ಮಾಡುವುದು. ಸಾಮಾನ್ಯವಾಗಿ ವಲಸೆ ಬಂದವರಿಗೆ ಅಮೆರಿಕ ಹಳೆಯ ಖರೀದಿ ಬೆಲೆಯನ್ನೇ ಹಿಡಿಯುತ್ತದೆ. ಈ ಆಯ್ಕೆಯಲ್ಲಿ ಮಾತ್ರ ಆ ತೆರಿಗೆ ವರ್ಷದ ಮೊದಲ ದಿನದ ಬೆಲೆ ಹೆಚ್ಚಿದ್ದರೆ ಅದನ್ನೇ ಅಸಲು ಎನ್ನಬಹುದು, ಹಳೆಯ ಲಾಭ ಅಲ್ಲಿಗೆ ಬಿಟ್ಟುಹೋಗುತ್ತದೆ. ಆಮೇಲೆ ಪ್ರತಿ ವರ್ಷದ ಏರಿಕೆ, ಮಾರದಿದ್ದರೂ, ಮಾಮೂಲಿ ಆದಾಯ. ಎರಡನೇ ವರ್ಷ ನೆನಪಾದರೆ ಈ ಸೌಲಭ್ಯ ಕೈತಪ್ಪಿತು.

ಇನ್ನು ಎಫ್‌ಬಾರ್, ಅಂದರೆ ವಿದೇಶಿ ಖಾತೆಗಳ ವರದಿ. ವಿದೇಶಿ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದರೆ ಅದರ ಫಾರ್ಮ್ ಫಿನ್‌ಸೆನ್ 114 ಹಾಕಬೇಕು. ಮಗುವಿಗೂ ಅದೇ ಮಿತಿ; ಸಹಿ ಅಪ್ಪನೋ ಅಮ್ಮನೋ ಹಾಕಬೇಕು. ಆನ್‌ಲೈನಿನಲ್ಲಿ ಪುಕ್ಕಟೆ, ಗಡುವು ಏಪ್ರಿಲ್ 15, ಕೇಳದೆಯೇ ಅಕ್ಟೋಬರ್ 15ರವರೆಗೆ ವಿಸ್ತರಣೆ. ಜನ ಎಡವುವುದು ಎಫ್‌ಡಿ ನವೀಕರಣದಲ್ಲಿ. 5 ಲಕ್ಷದ ಎಫ್‌ಡಿ ಮಾರ್ಚಿನಲ್ಲಿ ಮುಗಿದು ದುಡ್ಡು ಉಳಿತಾಯ ಖಾತೆಗೆ ಬಂತು, ಮರುದಿನ ಹೊಸ ನಂಬರಿನ ಎಫ್‌ಡಿ ಆಯಿತು. ನಿಮ್ಮ ಪಾಲಿಗೆ ಅದು 5 ಲಕ್ಷ. ವರದಿಯಲ್ಲಿ ಮೂರು ಖಾತೆ, ಮೂರರ ಗರಿಷ್ಠವೂ 5 ಲಕ್ಷ, ಒಟ್ಟು 15 ಲಕ್ಷ. ಆ ಖಾತೆಗಳಿಗೆ ಗಾರ್ಡಿಯನ್ ಆಗಿ ಸಹಿ ಅಧಿಕಾರ ನಿಮಗಿದ್ದರೆ ನಿಮ್ಮ ಎಫ್‌ಬಾರ್‌ನಲ್ಲೂ ಅವೇ ಮೂರು.

ಬಡ್ಡಿಯ ಲೆಕ್ಕ ಸುಲಭ. 2025ಕ್ಕೆ ಮಗುವಿನ ದುಡಿಮೆಯಲ್ಲದ ಆದಾಯದಲ್ಲಿ ಮೊದಲ 1,350 ಡಾಲರಿಗೆ ತೆರಿಗೆ ಇಲ್ಲ, ಮುಂದಿನ 1,350ಕ್ಕೆ ಮಗುವಿನ ದರ, 2,700 ದಾಟಿದ್ದಕ್ಕೆ ಅಪ್ಪ-ಅಮ್ಮನ ದರ. ಬರೀ ಬಡ್ಡಿ, ಡಿವಿಡೆಂಡ್ ಇದ್ದರೆ ಫಾರ್ಮ್ 8814 ಮೂಲಕ ನಿಮ್ಮ ರಿಟರ್ನಿಗೇ ಸೇರಿಸಬಹುದು. ಫಂಡ್ ಮಾರಿದ್ದರೆ ಆಗದು. ಸುಕನ್ಯಾ, ಪಿಪಿಎಫ್ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ ಎಂಬ ಮಾತನ್ನು ಅಮೆರಿಕದವರು ಒಪ್ಪುವುದಿಲ್ಲ, ಅದನ್ನೂ ಆದಾಯವೆಂದೇ ಹಿಡಿಯುತ್ತಾರೆ. ಎನ್‌ಆರ್‌ಐ ಆದಮೇಲೆ ಈ ಎರಡನ್ನೂ ಹೊಸದಾಗಿ ತೆರೆಯುವಂತಿಲ್ಲ. ಹಳೆಯ ಪಿಪಿಎಫ್ 15 ವರ್ಷದ ಅವಧಿ ಮುಗಿಯುವವರೆಗೆ ನಡೆಯುತ್ತದೆ, ವಿಸ್ತರಣೆ ಸಿಗುವುದಿಲ್ಲ.

ಅಮೆರಿಕದಲ್ಲಿ ಹೊಸದಾಗಿ ಕೂಡಿಡಲು 529 ಪ್ಲಾನ್ (ಮಕ್ಕಳ ಓದಿನ ಖರ್ಚಿನ ಉಳಿತಾಯ ಯೋಜನೆ) ಒಳ್ಳೆಯದು. ಖಾತೆ ಅಪ್ಪ-ಅಮ್ಮನ ಹೆಸರಲ್ಲೇ ಇರುತ್ತದೆ, ಅಕ್ಕನಿಗೆ ಬೇಡವಾದರೆ ತಮ್ಮನಿಗೆ ಬದಲಾಯಿಸಬಹುದು, ಓದಿಗೆ ತೆಗೆದರೆ ಲಾಭಕ್ಕೆ ತೆರಿಗೆ ಇಲ್ಲ. ಎಚ್-4 ಮಗುವಿಗೆ ಎಸ್‌ಎಸ್‌ಎನ್ (ಸೋಷಿಯಲ್ ಸೆಕ್ಯುರಿಟಿ ನಂಬರ್) ಇಲ್ಲದಿದ್ದರೂ ಐಟಿಐಎನ್ (ಅದಿಲ್ಲದವರಿಗೆ ಕೊಡುವ ತೆರಿಗೆ ನಂಬರ್) ಸಾಕು. ಅದಕ್ಕೆ ರಿಟರ್ನಿನ ಜೊತೆ ಡಬ್ಲ್ಯೂ-7 ಅರ್ಜಿ ಹಾಕಬೇಕು, ಪಾಸ್‌ಪೋರ್ಟನ್ನು ಅಂಚೆಗೆ ಹಾಕಬೇಡಿ. ದಾಖಲೆ ದೃಢೀಕರಿಸುವ ಅಧಿಕಾರವಿರುವ ಸರ್ಟಿಫೈಯಿಂಗ್ ಅಕ್ಸೆಪ್ಟೆನ್ಸ್ ಏಜೆಂಟರ ಹತ್ತಿರ ಪರಿಶೀಲನೆ ಮಾಡಿಸಿ. ಯುಟಿಎಂಎ ಖಾತೆ (ಮಗುವಿನ ದುಡ್ಡನ್ನು ದೊಡ್ಡವರು ನೋಡಿಕೊಳ್ಳುವ ಖಾತೆ) ಬೇಡ: ಕೊಟ್ಟ ದುಡ್ಡು ವಾಪಸ್ ಬರುವುದಿಲ್ಲ, ಹೆಚ್ಚಿನ ರಾಜ್ಯಗಳಲ್ಲಿ 18 ಅಥವಾ 21ಕ್ಕೆ ಪೂರ್ತಿ ಮಗುವಿನ ಕೈಗೆ ಹೋಗುತ್ತದೆ, ಕಾಲೇಜಿನ ನೆರವಿನ ಲೆಕ್ಕದಲ್ಲೂ ಹೊಡೆತ ಹೆಚ್ಚು. ಐದಾರು ವರ್ಷದಲ್ಲಿ ಮೈಸೂರಿಗೋ ಹುಬ್ಬಳ್ಳಿಗೋ ವಾಪಸಾಗುವ ಯೋಚನೆ ಇದ್ದರೆ 529 ಪ್ಲಾನಿಗೂ ಜಾಸ್ತಿ ದುಡ್ಡು ಹಾಕಬೇಡಿ. ಕಾಲೇಜಿನ ಓದಿಗಾದರೆ, ಅಮೆರಿಕದ ಸರಕಾರಿ ವಿದ್ಯಾರ್ಥಿ ನೆರವಿಗೆ ಅರ್ಹವಾದ ಕಾಲೇಜುಗಳಿಗೆ ಮಾತ್ರ ಅದರ ರಿಯಾಯಿತಿ. ಊರಿನ ಎಂಜಿನಿಯರಿಂಗ್ ಕಾಲೇಜಿಗೆ ಕಟ್ಟಲು ತೆಗೆದರೆ ಲಾಭದ ಪಾಲಿಗೆ ಆದಾಯ ತೆರಿಗೆ, ಅದರ ಜೊತೆಗೆ 10% ದಂಡ.