ಅಡಿಕೆ ಚೀಲಕ್ಕೆ ಸ್ಟೆನ್ಸಿಲ್ ಅಕ್ಷರ ಕಟ್ಟುವುದು

ಸ್ಟೆನ್ಸಿಲ್ (ಅಕ್ಷರದ ಆಕಾರಕ್ಕೆ ತೂತು ಕತ್ತರಿಸಿ, ಮೇಲೆ ಬಣ್ಣ ಹಾಕುವ ಹಾಳೆ) ಬೇಕೆಂದರೆ ಸುಮಾರು ಜನ ಯಾವುದೋ ಫಾಂಟ್ ತೆಗೆದುಕೊಂಡು ನಡುವೆ ಎರಡು ಗೀಟು ಅಳಿಸಿಬಿಡುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಸಂದು, ಅಂದರೆ ಕತ್ತರಿಸದೆ ಬಿಟ್ಟು ಬಣ್ಣ ಬೀಳದ ಜಾಗ, ಎಲ್ಲಿ ಬರಬೇಕು ಅಂತ ಮೊದಲು ಗೊತ್ತು ಮಾಡಿಕೊಂಡು, ಆಮೇಲೆ ಅಕ್ಷರ ಕಟ್ಟಬೇಕು.

ಜರ್ಮನಿಯ ಬೌಹೌಸ್ ಕಲಾ ಶಾಲೆಯ ಮೇಷ್ಟ್ರು ಯೋಸೆಫ್ ಆಲ್ಬರ್ಸ್ 1920ರ ದಶಕದಲ್ಲಿ ಮಾಡಿದ್ದು ಇದನ್ನೇ. ಅವರ ಸ್ಟೆನ್ಸಿಲ್ ಅಕ್ಷರಗಳಿಗೆ ಮೂರೇ ಆಕಾರ: ಚೌಕ, ಅದನ್ನು ಅರ್ಧ ಮಾಡಿದ ತ್ರಿಕೋನ, ಚೌಕದ ಬದಿಯೇ ತ್ರಿಜ್ಯವಾದ ಕಾಲು ವೃತ್ತ. ದೂರದಿಂದ ಓದುವ ಪೋಸ್ಟರಿಗೆ ಹೇಳಿ ಮಾಡಿಸಿದ ಹಾಗಿವೆ. 1929ರಲ್ಲಿ ಬಂದ ಪೌಲ್ ರೆನ್ನರ್ ಅವರ ಫ್ಯೂಚುರಾ ಬ್ಲ್ಯಾಕ್ ಎಂಬ ಫಾಂಟ್ ಕೂಡ ಇದೇ ಜಾತಿ.

ಶಿವಮೊಗ್ಗದಲ್ಲಿ ನಮ್ಮ ಮಾವನ ಮಂಡಿಯ ಚೀಲಗಳಿಗೆ ನಾನು ಕತ್ತರಿಸಿಕೊಡುವುದು ಅಡಿಕೆಯ ಬಗೆಗಳ ಹೆಸರು: ‘ರಾಶಿ’, ‘ಬೆಟ್ಟೆ’, ‘ಗೊರಬಲು’. ಆಲ್ಬರ್ಸ್ ಅವರ ದಾರಿಯನ್ನು ಕನ್ನಡಕ್ಕೆ ಹಾಗೆಹಾಗೇ ತರಲು ಆಗುವುದಿಲ್ಲ. ಅವರ ತುಂಡುಗಳೆಲ್ಲ ತುಂಬಿದ ಆಕಾರಗಳು. ಹಾಗೆ ತುಂಬಿದರೆ ನಮ್ಮ ರ, ಠ ಎರಡೂ ಒಂದೇ ಉಂಡೆ! ಠದ ಒಳಗಿನ ಚುಕ್ಕಿಗೆ ಜಾಗವೇ ಇರುವುದಿಲ್ಲ. ಅದಕ್ಕೇ ನಾನು ತುಂಬಿದ ಕಾಲು ವೃತ್ತದ ಬದಲು ದಪ್ಪ ಪಟ್ಟಿಯ ಬಳೆಯ ಕಾಲು ಭಾಗ ಬಳಸುತ್ತೇನೆ.

ಗ್ರಾಫ್ ಹಾಳೆಯಲ್ಲಿ 8 ಸೆಂ.ಮೀ. ಎತ್ತರದ ಅಕ್ಷರ ಬರೆಯಿರಿ. ಪಟ್ಟಿ 1.5 ಸೆಂ.ಮೀ., ಸಂದು 6 ಮಿ.ಮೀ. ಕಾಗದಕ್ಕೋ ಗೋಡೆಗೋ ಆದರೆ 4 ಸಾಕಿತ್ತು. ಗೋಣಿಯ ನೇಯ್ಗೆ ಒರಟು, ಬಣ್ಣ ಹರಡಿ ಸಂದು ಮುಚ್ಚಿಹೋಗುತ್ತದೆ. ಎಲ್ಲ ಅಕ್ಷರಕ್ಕೂ ಸಂದು ಒಂದೇ ಅಳತೆಯಲ್ಲಿರಲಿ.

ಈಗ ಮುಚ್ಚಿದ ಜಾಗಗಳನ್ನು ಹುಡುಕಿ. ‘ಗೊರಬಲು’ವಿನ ರ ನೋಡಿ: ಬಳೆಯನ್ನು ಪೂರ್ತಿ ಕತ್ತರಿಸಿದರೆ ಒಳಗಿನ ತುಂಡು ಉದುರಿಬೀಳುತ್ತದೆ. ಎಡಕ್ಕೊಂದು, ಬಲಕ್ಕೊಂದು ಸೇತುವೆ, ಅಂದರೆ ಕತ್ತರಿಸದ ಸಂದು, ಬಿಡಿ. ಒಂದೇ ಬಿಟ್ಟರೆ ಸ್ಪಂಜು ತಾಗಿದಾಗಲೆಲ್ಲ ತುಂಡು ಏಳುತ್ತದೆ, ಅಡಿಗೆ ಬಣ್ಣ ನುಗ್ಗುತ್ತದೆ. ಅನುಸ್ವಾರದ ಸೊನ್ನೆ ಚಿಕ್ಕದು, ಅದಕ್ಕೆ ಒಂದು ಸಾಕು. ತಲೆಕಟ್ಟನ್ನು ಬೇರೆ ತುಂಡಾಗಿಯೇ ಕತ್ತರಿಸಿ, ಕಣ್ಣು ಸುಮ್ನೆ ಸೇರಿಸಿಕೊಳ್ಳುತ್ತದೆ. ‘ಬೆಟ್ಟೆ’ಯ ಒತ್ತು ಮಾತ್ರ ಮೇಲಿನ ಅಕ್ಷರಕ್ಕೆ ತೀರಾ ಅಂಟಬಾರದು, ಅಲ್ಲೂ 6 ಮಿ.ಮೀ. ಬೇಕು. ಅಕ್ಷರಗಳ ನಡುವೆ ಇನ್ನೂ ಸ್ವಲ್ಪ ಜಾಸ್ತಿ.

ಹಾಳೆಗೆ ಹಳೇ ಎಕ್ಸ್‌ರೇ ಫಿಲ್ಮೇ ನನ್ನ ಆಯ್ಕೆ. ರಟ್ಟು ಬಣ್ಣ ಕುಡಿದು ಮೆತ್ತಗಾಗುತ್ತದೆ. ಗ್ರಾಫ್ ಹಾಳೆಯನ್ನು ಫಿಲ್ಮಿನ ಮೇಲೆ ಅಂಟಿಸಿ, ಚಿಕ್ಕ ತೂತುಗಳನ್ನು ಮೊದಲು ಕತ್ತರಿಸಿ, ದೊಡ್ಡವು ಆಮೇಲೆ. ಬಾಗಿದ ಕಡೆ ಬ್ಲೇಡ್ ತಿರುಗಿಸಬೇಡಿ, ಹಾಳೆಯನ್ನು ತಿರುಗಿಸಿ.

ಬಣ್ಣಕ್ಕೆ ಥಿನ್ನರ್ ಬೆರೆಸದಿರುವುದೇ ಒಳ್ಳೆಯದು. ಸ್ಪಂಜನ್ನು ಅದ್ದಿ, ರದ್ದಿ ಪೇಪರಿನ ಮೇಲೆ ಒತ್ತಿ ಮುಕ್ಕಾಲು ಒಣಗಿಸಿ, ನೇರವಾಗಿ ತಟ್ಟಿ. ಉಜ್ಜಿದರೆ ಅಂಚು ಹೋಯಿತು. ಚೀಲ ತುಂಬುವ ಮೊದಲೇ, ಚಪ್ಪಟೆಯಾಗಿ ಹಾಸಿಕೊಂಡು ಹಾಕಿ.

ಇದೇ ಅಕ್ಷರ ನೀರಿನ ಟ್ಯಾಂಕಿಗೆ, ಮನೆ ನಂಬರಿಗೆ, ಅಂಗಡಿ ಬೋರ್ಡಿಗೆ ಚೆನ್ನಾಗಿ ಕೂರುತ್ತದೆ. ವಿಸಿಟಿಂಗ್ ಕಾರ್ಡಿನ ವಿಳಾಸಕ್ಕೆ ಬೇಡ. ಅಷ್ಟು ಚಿಕ್ಕದಾದರೆ ಸಂದು ಮುದ್ರಣ ದೋಷದ ಹಾಗೆ ಕಾಣುತ್ತದೆ.